ಕೋಸಂಬರಿ ಮತ್ತು ಪಚಡಿ: ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಬೇಸಿಗೆಯ ಹಸಿ ತಿನಿಸುಗಳು

ನೆನೆಸಿದ ಬೇಳೆ, ಹಸಿ ತರಕಾರಿ, ಎಳೆ ಸೊಪ್ಪು ಅಥವಾ ಮೊಳಕೆ ಬಂದ ಕಾಳನ್ನು ಒಲೆಯ ಮೇಲೆ ಬೇಯಿಸದೆ, ಉಪ್ಪು, ಹುಳಿ, ಖಾರ ಬೆರೆಸಿ, ಸಾಮಾನ್ಯವಾಗಿ ಒಂದು ಒಗ್ಗರಣೆ ಕೊಟ್ಟು, ಕಲಸಿದ ಕೂಡಲೇ ತಿನ್ನುವ ತಿನಿಸುಗಳನ್ನು ಕನ್ನಡದಲ್ಲಿ ಕೋಸಂಬರಿ, ಪಚಡಿ ಎಂದು ಕರೆಯುತ್ತಾರೆ. ತೆಲಂಗಾಣದ ಗಡಿಯಲ್ಲಿರುವ ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ್ ಸೀಮೆಯ ಕನ್ನಡ ಮನೆಗಳಲ್ಲಿ ಇವು ಊಟದ ನಿತ್ಯದ ಅಂಗ. ಚೈತ್ರ, ವೈಶಾಖಗಳಲ್ಲಿ ಹಬ್ಬದ ಪ್ರಸಾದವೂ ಹೌದು. ಮೈಸೂರು ಕಡೆಯ ಕೋಸಂಬರಿಗೆ ಹಸಿ ತೆಂಗಿನ ತುರಿ ಆಧಾರವಾದರೆ, ಒಣ ಬೇಸಾಯದ ಈ ನೆಲದಲ್ಲಿ ಆ ಜಾಗವನ್ನು ಶೇಂಗಾ ಪುಡಿ, ಗುರೆಳ್ಳು ಪುಡಿ ಮತ್ತು ಒಣ ಕೊಬ್ಬರಿ ತುಂಬುತ್ತವೆ. ಈ ಸೀಮೆಯ ಹಸಿ ತಿನಿಸಿನ ಮುಖ್ಯ ಗುರುತು ಇದೇ.

ಸೀಮೆ ಮತ್ತು ಹವೆ

ನಾರಾಯಣಪೇಟೆ ಮತ್ತು ಮಕ್ತಲ್ ಪಟ್ಟಣಗಳು ನಾರಾಯಣಪೇಟೆ ಜಿಲ್ಲೆಯಲ್ಲಿವೆ. ಈ ಜಿಲ್ಲೆ 2019ರ ಫೆಬ್ರವರಿ 17ರಂದು ಮಹಬೂಬ್‌ನಗರ ಜಿಲ್ಲೆಯಿಂದ ಬೇರೆಯಾಯಿತು. ಗದ್ವಾಲ್ ಪಟ್ಟಣವು 2016ರ ಅಕ್ಟೋಬರ್ 11ರಂದು ರಚನೆಯಾದ ಜೋಗುಳಾಂಬ ಗದ್ವಾಲ್ ಜಿಲ್ಲೆಯ ಕೇಂದ್ರ. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಗದ್ವಾಲ್–ಆಲಂಪುರ ಭಾಗಕ್ಕೆ ತೆಲುಗಿನಲ್ಲಿ ನಡಿಗಡ್ಡ ಎಂಬ ಹೆಸರಿದೆ. ಭೀಮಾ ನದಿ ಕೃಷ್ಣೆಯನ್ನು ಕೂಡುವುದು ಮಕ್ತಲ್‌ನ ಪಶ್ಚಿಮಕ್ಕೆ, ರಾಯಚೂರು ಜಿಲ್ಲೆಯ ಎಲ್ಲೆಯಲ್ಲಿ.

ಈ ಊರುಗಳೂ ರಾಯಚೂರು, ಕಲಬುರಗಿ ಸೀಮೆಗಳೂ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿ ಒಟ್ಟಿಗೆ ಇದ್ದವು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಅಂದಿನ ಮೈಸೂರು ರಾಜ್ಯಕ್ಕೆ, ಮಹಬೂಬ್‌ನಗರ ಆಂಧ್ರಪ್ರದೇಶಕ್ಕೆ ಸೇರಿದವು. ಗಡಿ ಬಂದರೂ ಕೊಟ್ಟು ತರುವ ಬೀಗತನ ನಿಲ್ಲಲಿಲ್ಲ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ನಾರಾಯಣಪೇಟೆಯ ಪೇಟೆಯಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಕೇಳುತ್ತವೆ. ಅಡುಗೆಮನೆಯೂ ಹಾಗೆಯೇ ನಾಲ್ಕು ಕಡೆಯಿಂದ ಪಡೆದಿದೆ.

ಇದು ಮಳೆ ನೆರಳಿನ ಪ್ರದೇಶ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಜೋಳ, ತೊಗರಿ, ಹೆಸರು, ಶೇಂಗಾ, ಹತ್ತಿ ಇಲ್ಲಿಯ ಪ್ರಮುಖ ಬೆಳೆಗಳು. ಜೂರಾಲ ಜಲಾಶಯದ ಕಾಲುವೆಗಳು, ರಾಯಚೂರು ಜಿಲ್ಲೆಯ ರಾಜೋಳಿಬಂಡೆ ಅಣೆಕಟ್ಟಿನಿಂದ ಬರುವ ಕಾಲುವೆ ಮತ್ತು ಕೊಳವೆಬಾವಿಗಳು ನೀರು ಕೊಡುವ ಕಡೆ ಭತ್ತ, ಮೆಣಸಿನಕಾಯಿ, ತರಕಾರಿ ಬೆಳೆಯುತ್ತವೆ. ಸೊಪ್ಪು ಮತ್ತು ಎಳೆ ತರಕಾರಿ ಹೇರಳವಾಗಿ ಸಿಗುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಅವು ಕಡಿಮೆ, ಬೆಲೆಯೂ ಹೆಚ್ಚು. ಆದ್ದರಿಂದ ದೇಹಕ್ಕೆ ಹಸಿ ಆಹಾರ ಹೆಚ್ಚು ಬೇಕಾದ ಕಾಲದಲ್ಲಿಯೇ ಹಸಿ ಆಹಾರ ದುರ್ಲಭವಾಗುತ್ತದೆ. ಹಿಂದಿನ ವರ್ಷದ ಕಣಜದ ಬೇಳೆ, ಬಳ್ಳಿಯ ಸವತಿಕಾಯಿ, ಮರದ ಮಾವಿನಕಾಯಿ ಈ ಮೂರನ್ನು ಕೂಡಿಸಿದ ಕೋಸಂಬರಿ ಈ ಕೊರತೆಗೆ ಕಂಡುಕೊಂಡ ಉತ್ತರ ಎಂದು ತಿಳಿಯಬಹುದು.

ಹೆಸರುಗಳು

ಈ ಲೇಖನದಲ್ಲಿ ನೆನೆಸಿದ ಬೇಳೆ ಮುಖ್ಯವಾಗಿರುವುದನ್ನು ಕೋಸಂಬರಿ ಎಂದೂ, ತುರಿದ ಅಥವಾ ಸಣ್ಣಗೆ ಹೆಚ್ಚಿದ ತರಕಾರಿ, ಸೊಪ್ಪು ಮುಖ್ಯವಾಗಿರುವುದನ್ನು ಪಚಡಿ ಎಂದೂ ಕರೆಯಲಾಗಿದೆ. ಮನೆಮಾತಿನಲ್ಲಿ ಈ ಗೆರೆ ಅಷ್ಟು ಕಟ್ಟುನಿಟ್ಟಲ್ಲ. ತೆಲುಗಿನಲ್ಲಿ ಪಚ್ಚಡಿ ಎಂದರೆ ಅರೆದ ಚಟ್ನಿ ಅಥವಾ ಉಪ್ಪಿನಕಾಯಿ. ಎರಡು ಭಾಷೆಯ ಮನೆಗಳು ಅಕ್ಕಪಕ್ಕ ಇರುವ ಊರಿನಲ್ಲಿ ಇದನ್ನು ನೆನಪಿಡಬೇಕು. ಶ್ರೀರಾಮನವಮಿಯ ಹೆಸರುಬೇಳೆ ಪ್ರಸಾದಕ್ಕೆ ತೆಲುಗರು ವಡಪಪ್ಪು ಎನ್ನುತ್ತಾರೆ. ಮರಾಠಿಯ ಕೋಶಿಂಬೀರ್, ತಮಿಳಿನ ಕೋಸುಮಲ್ಲಿ ಇದೇ ಬಳಗದವು. ಮುಸ್ಲಿಂ ಮನೆಗಳಲ್ಲಿ ಬಿರಿಯಾನಿಯ ಜೊತೆ ಬಡಿಸುವ ಕಚುಂಬರವೂ ಹತ್ತಿರದ ಸಂಬಂಧಿ.

ತರಕಾರಿಗಳಿಗೆ ಇಲ್ಲಿ ಬಳಕೆಯ ಹೆಸರುಗಳು ರಾಯಚೂರು ಕಡೆಯವು: ಈರುಳ್ಳಿಗೆ ಉಳ್ಳಾಗಡ್ಡಿ, ಕ್ಯಾರೆಟ್ಟಿಗೆ ಗಜ್ಜರಿ, ಸೌತೆಕಾಯಿಗೆ ಸವತಿಕಾಯಿ, ನೆಲಗಡಲೆಗೆ ಶೇಂಗಾ, ಸೊಪ್ಪಿಗೆ ಪಲ್ಯ ಅಥವಾ ತಪ್ಪಲು. ಹಳದಿ ದುಂಡು ಸೌತೆಗೆ ತೆಲುಗಿನಿಂದ ಬಂದ ದೋಸಕಾಯಿ ಎಂಬ ಹೆಸರು ರೂಢಿ.

ಹಿನ್ನೆಲೆ

ಹೆಸರು ಮತ್ತು ಹುರುಳಿ ದಕ್ಷಿಣ ಭಾರತದ ಅತಿ ಹಳೆಯ ಬೆಳೆಗಳು. ಬಳ್ಳಾರಿ, ಕರ್ನೂಲು ಸೀಮೆಗಳ ನವಶಿಲಾಯುಗದ ನೆಲೆಗಳಲ್ಲಿ ಇವುಗಳ ಸುಟ್ಟ ಕಾಳುಗಳು ಸಿಕ್ಕಿವೆ. ಆ ಕಾಲದ ಜನ ದನ ಸಾಕುತ್ತಿದ್ದರು ಎಂಬುದನ್ನು ಹಳೆಯ ಮಹಬೂಬ್‌ನಗರ ಜಿಲ್ಲೆಯ ಉತ್ನೂರಿನ ಬೂದಿದಿಬ್ಬ ತೋರಿಸಿಕೊಟ್ಟಿತು. ಅದನ್ನು ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ 1957ರಲ್ಲಿ ಉತ್ಖನನ ಮಾಡಿದರು. ಸವತಿಕಾಯಿಯ ಮೂಲವೂ ಭಾರತವೇ. ಇಂದಿನ ಕೋಸಂಬರಿಯ ತಿರುಳಾದ ಹೆಸರು ಮತ್ತು ಸವತಿಕಾಯಿ, ಪಚಡಿಗೆ ಬೆರೆಸುವ ಮೊಸರು, ಮೂರೂ ಹೀಗೆ ಈ ನೆಲಕ್ಕೆ ಹೊಸತಲ್ಲ.

ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ ಅಡುಗೆಯ ಬಗ್ಗೆ ಬರಹ ಹುಟ್ಟಿತು. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ಕನ್ನಡ ಗ್ರಂಥ ‘ಲೋಕೋಪಕಾರ’ದಲ್ಲಿ ಪಾಕಕ್ಕೆ ಮೀಸಲಾದ ಭಾಗವಿದೆ, 12ನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ ಅರಮನೆಯ ಊಟವನ್ನು ವಿವರಿಸುತ್ತದೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಪೂರ್ತಿ ಅಡುಗೆಗೇ ಮೀಸಲಾದ ಕನ್ನಡ ಕಾವ್ಯ. ಆ ಬರಹಗಾರರಿಗೆ ಮೆಣಸಿನಕಾಯಿ, ಟೊಮೆಟೊ, ಶೇಂಗಾ ಗೊತ್ತಿರಲು ಸಾಧ್ಯವಿಲ್ಲ. ಇವು ದಕ್ಷಿಣ ಮತ್ತು ಮಧ್ಯ ಅಮೆರಿಕದಿಂದ, ಪೋರ್ಚುಗೀಸರ ಸಮುದ್ರ ವ್ಯಾಪಾರ ಬೆಳೆದ ನಂತರ ಭಾರತಕ್ಕೆ ಬಂದವು. ಅದಕ್ಕೂ ಮೊದಲು ಖಾರಕ್ಕೆ ಕರಿಮೆಣಸು, ಶುಂಠಿ ಇದ್ದವು. ಇಂದು ಈ ಸೀಮೆಯ ಪಚಡಿಯನ್ನು ಶೇಂಗಾ ಇಲ್ಲದೆ ಊಹಿಸುವುದು ಕಷ್ಟವಾದರೂ ಆ ರೂಪ ಕೆಲವೇ ಶತಮಾನಗಳಷ್ಟು ಹಳೆಯದು.

ರಚನೆ

ಯಾವ ಕೋಸಂಬರಿಯನ್ನೇ ನೋಡಿದರೂ ಅದರಲ್ಲಿ ಐದು ಅಂಗಗಳಿರುತ್ತವೆ: ಒಡಲು, ನೀರಿನಂಶದ ತರಕಾರಿ, ಹುಳಿ, ಕೊಬ್ಬು ಮತ್ತು ಪರಿಮಳ. ಒಡಲು ಎಂದರೆ ಬೇಳೆ, ಕಾಳು ಅಥವಾ ಗಟ್ಟಿ ತರಕಾರಿ. ಹುಳಿ ಲಿಂಬೆಯಿಂದ, ಮಾವಿನಕಾಯಿಯಿಂದ ಅಥವಾ ಮೊಸರಿನಿಂದ ಬರುತ್ತದೆ. ಹುಣಸೆ ಹಸಿ ತಿನಿಸಿಗೆ ಅಪರೂಪ.

ಕೊಬ್ಬಿನ ಅಂಗವೇ ಸೀಮೆಯಿಂದ ಸೀಮೆಗೆ ಹೆಚ್ಚು ಬದಲಾಗುವುದು. ಇಲ್ಲಿ ಹುರಿದ ಶೇಂಗಾವನ್ನು ತರಿತರಿಯಾಗಿ ಕುಟ್ಟಿ ಹಾಕುತ್ತಾರೆ. ಶೇಂಗಾದಲ್ಲಿ ತೂಕದ ಅರ್ಧದಷ್ಟು ಎಣ್ಣೆ, ಕಾಲುಭಾಗದಷ್ಟು ಪ್ರೋಟೀನ್ ಇರುವುದರಿಂದ ಪುಡಿಯು ರುಚಿಯ ಜೊತೆಗೆ ಕಸುವನ್ನೂ ಕೊಡುತ್ತದೆ. ತರಕಾರಿ ಬಿಟ್ಟ ನೀರನ್ನು ಹೀರಿ ಪಚಡಿ ತೆಳ್ಳಗಾಗದಂತೆ ಹಿಡಿಯುತ್ತದೆ. ಗುರೆಳ್ಳು ಪುಡಿ ಕಪ್ಪು ಬಣ್ಣವನ್ನೂ ತುಸು ಕಹಿ ಬೆರೆತ ಘಮವನ್ನೂ ತರುತ್ತದೆ. ಹಸಿ ಸೊಪ್ಪಿಗೆ ಅದು ಚೆನ್ನಾಗಿ ಹೊಂದುತ್ತದೆ, ಮಾವಿನಕಾಯಿಗೆ ಅಷ್ಟಾಗಿ ಹೊಂದುವುದಿಲ್ಲ. ಕೆಲವು ಮನೆಗಳಲ್ಲಿ ಒಗ್ಗರಣೆಯ ಬದಲು ಕುಸುಬಿ ಅಥವಾ ಶೇಂಗಾ ಎಣ್ಣೆಯನ್ನು ಹಸಿಯಾಗಿಯೇ ಸುರಿಯುತ್ತಾರೆ. ಇದಕ್ಕೆ ಹಸಿ ಎಣ್ಣೆ ಹಾಕುವುದು ಎನ್ನುತ್ತಾರೆ.

ಪರಿಮಳಕ್ಕೆ ಕೊತ್ತಂಬರಿ, ಕರಿಬೇವು, ಸಾಸಿವೆ, ಇಂಗು. ದೇವರ ನೈವೇದ್ಯಕ್ಕೆ ಮಾಡುವ ಕೋಸಂಬರಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಸೇರುವುದಿಲ್ಲ, ಅಲ್ಲಿ ಇಂಗಿನ ಪಾತ್ರ ದೊಡ್ಡದು. ರೊಟ್ಟಿಯ ಜೊತೆಗಿನ ನಿತ್ಯದ ಪಚಡಿಯಲ್ಲಿ ಉಳ್ಳಾಗಡ್ಡಿಯೇ ಮುಂದು.

ಪ್ರಕಾರಗಳು

ಹೆಸರುಬೇಳೆ ಕೋಸಂಬರಿ ಎಲ್ಲರಿಗೂ ಪರಿಚಿತವಾದದ್ದು. ಬೇಸಿಗೆಯಲ್ಲಿ ಬೇಳೆ ಬೇಗ ನೆನೆಯುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಉಗುರಿನಿಂದ ಒತ್ತಿದರೆ ಸಲೀಸಾಗಿ ಮುರಿಯಬೇಕು, ಆದರೆ ಹಿಟ್ಟಾಗಬಾರದು. ನೀರನ್ನು ಪೂರ್ತಿ ಬಸಿದು, ಸಣ್ಣಗೆ ಹೆಚ್ಚಿದ ಎಳೆ ಸವತಿಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೇರಿಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಆರಿದ ಮೇಲೆ ಕಲಸಿ, ಕೊನೆಗೆ ಲಿಂಬೆರಸ ಹಿಂಡುತ್ತಾರೆ. 100 ಗ್ರಾಂ ಬೇಳೆಗೆ ಒಂದು ಮಧ್ಯಮ ಗಾತ್ರದ ಸವತಿಕಾಯಿ, ಒಂದು ಚಮಚ ಎಣ್ಣೆ, ಅರ್ಧ ಲಿಂಬೆಹಣ್ಣು ಎಂಬುದು ನಾಲ್ಕೈದು ಮಂದಿಗೆ ಸಾಕಾಗುವ ಅಳತೆ.

ಕಡಲೆಬೇಳೆ ಮತ್ತು ಮಾವಿನಕಾಯಿಯ ಕೋಸಂಬರಿ ಈ ಸೀಮೆಯ ಬೇಸಿಗೆಯ ಅತ್ಯಂತ ಸೊಗಸಾದ ತಿನಿಸು ಎನ್ನಲು ಅಡ್ಡಿಯಿಲ್ಲ. ಬೇಳೆ ಮೂರು ನಾಲ್ಕು ಗಂಟೆ ನೆನೆಯಬೇಕು. ನೆನೆದದ್ದನ್ನು ಹಾಗೆಯೇ ಹಾಕುವುದು ಒಂದು ಪದ್ಧತಿ. ಒರಳಿನಲ್ಲಿ ಅಥವಾ ಮಿಕ್ಸಿಯಲ್ಲಿ ನೀರು ಹಾಕದೆ ತರಿತರಿಯಾಗಿ ಒಡೆಯುವುದು ಇನ್ನೊಂದು, ಇದು ಮಹಾರಾಷ್ಟ್ರದ ಕಡೆಯ ರೂಢಿಗೆ ಹತ್ತಿರ. ಒಡೆದ ಬೇಳೆ ಹುಳಿಯನ್ನು ಚೆನ್ನಾಗಿ ಹಿಡಿಯುತ್ತದೆ, ಹಲ್ಲಿಲ್ಲದ ಹಿರಿಯರಿಗೂ ಅಗಿಯಲು ಸುಲಭ. ತುರಿದ ಮಾವಿನಕಾಯಿ, ಒಣ ಕೊಬ್ಬರಿ, ಹಸಿಮೆಣಸು, ಚಿಟಿಕೆ ಸಕ್ಕರೆ ಅಥವಾ ಬೆಲ್ಲ, ಧಾರಾಳ ಇಂಗಿನ ಒಗ್ಗರಣೆ ಇದಕ್ಕೆ ಬೇಕು. ಮಾವಿನಕಾಯಿಯ ಹುಳಿ ಮರದಿಂದ ಮರಕ್ಕೆ ಬೇರೆಯಾದ್ದರಿಂದ ಅಳತೆಯನ್ನು ನಾಲಿಗೆಯೇ ನಿರ್ಧರಿಸುತ್ತದೆ. ಮಾವು ಇರುವಾಗ ಲಿಂಬೆ ಬೇಡ.

ತೊಗರಿ ಈ ಸೀಮೆಯ ದೊಡ್ಡ ಬೆಳೆ. ಆದರೂ ತೊಗರಿಬೇಳೆ ಕೋಸಂಬರಿಗೆ ಬರುವುದಿಲ್ಲ. ಅದು ಬೇಯಿಸಿ ತಿನ್ನುವ ಬೇಳೆ.

ತರಕಾರಿ ಪಚಡಿಗಳಲ್ಲಿ ಗಜ್ಜರಿ, ಮೂಲಂಗಿ, ಸವತಿಕಾಯಿ, ಉಳ್ಳಾಗಡ್ಡಿ, ಟೊಮೆಟೊ, ಎಲೆಕೋಸು ಬಳಕೆಯಲ್ಲಿವೆ. ಒಂದೇ ತರಕಾರಿಯ ಪಚಡಿ ಹಳೆಯ ಪದ್ಧತಿ, ಮೂರು ನಾಲ್ಕು ಕೂಡಿಸುವುದು ಈಚಿನದು. ಮೂಲಂಗಿಯ ಘಾಟು ಕಡಿಮೆಯಾಗಲು ತುರಿದು ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು ಹಿಂಡುತ್ತಾರೆ. ಹಿಂಡಿದ ರಸವನ್ನು ಚೆಲ್ಲದೆ ರೊಟ್ಟಿಯ ಹಿಟ್ಟಿಗೆ ಅಥವಾ ಮಜ್ಜಿಗೆಗೆ ಹಾಕುವ ಮನೆಗಳುಂಟು. ದೋಸಕಾಯಿಯನ್ನು ಬೀಜ ತೆಗೆದು ಸಣ್ಣ ಹೋಳು ಮಾಡಿ, ಶೇಂಗಾ ಪುಡಿ ಮತ್ತು ಹಸಿಮೆಣಸಿನ ಜೊತೆ ಕಲಸುತ್ತಾರೆ. ಅದರ ತಿರುಳು ಗಟ್ಟಿಯಾದ್ದರಿಂದ ಬೇಗ ನೀರು ಬಿಡುವುದಿಲ್ಲ. ಹೊಲಕ್ಕೆ ಬುತ್ತಿ ಒಯ್ಯುವವರಿಗೆ ಇದು ಸವತಿಕಾಯಿಗಿಂತ ಅನುಕೂಲ.

ಸೊಪ್ಪಿನ ಪಚಡಿಗೆ ಎಳೆ ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು, ಎಳೆ ಮೂಲಂಗಿ ಎಲೆ, ಎಳೆ ಕುಸುಬಿ ಎಲೆ ಮತ್ತು ಹತ್ತರಕಿ ಬರುತ್ತವೆ. ಹತ್ತರಕಿಯನ್ನು ಹಕ್ಕರಿಕಿ ಎಂದೂ ಕರೆಯುವುದುಂಟು. ಅದು ಬಿತ್ತದೆ ಹೊಲದಲ್ಲಿ ತಾನಾಗಿ ಹುಟ್ಟುವ, ತುಸು ಕಹಿಯ ಸೊಪ್ಪು. ರಾಯಚೂರು, ಕಲಬುರಗಿ ಸೀಮೆಯವರು ರೊಟ್ಟಿಯ ಜೊತೆ ಅದನ್ನು ಹಾಗೆಯೇ ಕಚ್ಚಿ ತಿನ್ನುತ್ತಾರೆ, ಇಲ್ಲವೇ ಮೊಸರು, ಶೇಂಗಾ ಪುಡಿ ಹಾಕಿ ಪಚಡಿ ಮಾಡುತ್ತಾರೆ. ಇವುಗಳಲ್ಲಿ ಬಹುಪಾಲು ಮಳೆ ಮುಗಿದ ನಂತರದ ಮತ್ತು ಚಳಿಗಾಲದ ಸೊಪ್ಪುಗಳು. ಬೇಸಿಗೆಗೆ ಉಳಿಯುವುದು ನೀರು ಕಟ್ಟಿ ಮಡಿಯಲ್ಲಿ ಬೆಳೆದ ಮೆಂತ್ಯೆ ಮತ್ತು ಕೊತ್ತಂಬರಿ ಮಾತ್ರ. ಮೆಂತ್ಯೆಯನ್ನು ಬಿತ್ತಿದ ಎರಡು ಮೂರು ವಾರದೊಳಗೆ ಕಿತ್ತರೆ ಕಹಿ ಕಡಿಮೆ, ಹಸಿಯಾಗಿ ತಿನ್ನಲು ತಕ್ಕದ್ದು.

ಮೊಸರು ಪಚಡಿಯಲ್ಲಿ ತರಕಾರಿಗೆ ಹುಳಿ ಬರದ ಗಟ್ಟಿ ಮೊಸರು ಸೇರುತ್ತದೆ. ಸವತಿಕಾಯಿ, ಗಜ್ಜರಿ, ಉಳ್ಳಾಗಡ್ಡಿ, ಟೊಮೆಟೊ ಎಲ್ಲಕ್ಕೂ ಇದು ನಡೆಯುತ್ತದೆ. ಮೊಸರನ್ನು ಊಟಕ್ಕೆ ಕೂರುವ ಹೊತ್ತಿಗೆ ಬೆರೆಸಬೇಕು. ಬೇಸಿಗೆಯ ಮಧ್ಯಾಹ್ನ ಎರಡು ಗಂಟೆ ಇಟ್ಟರೆ ಅದು ಹುಳಿಯಾಗಿ ಹೋಗುತ್ತದೆ.

ಮೊಳಕೆ ಕಾಳಿನ ಪಚಡಿಗೆ ಹೆಸರುಕಾಳು ಮತ್ತು ಮಡಿಕೆಕಾಳು ಬಳಸುತ್ತಾರೆ. ರಾತ್ರಿಯಿಡೀ ನೆನೆಸಿ, ಬೆಳಗ್ಗೆ ನೀರು ಬಸಿದು ಬಿಳಿಯ ಅರಿವೆಯಲ್ಲಿ ಕಟ್ಟಿದರೆ ಈ ಸೆಕೆಗೆ ಸಂಜೆಯ ಹೊತ್ತಿಗೆ ಮೊಳಕೆ ಕಾಣುತ್ತದೆ. ಮೊಳಕೆ ಅಕ್ಕಿಕಾಳಿನಷ್ಟು ಉದ್ದವಿದ್ದಾಗ ರುಚಿ ಹೆಚ್ಚು. ಬೆಳೆದಷ್ಟೂ ನಾರು ಮತ್ತು ಹಸಿವಾಸನೆ ಬರುತ್ತದೆ. ಹುರುಳಿಯ ಮೊಳಕೆಯನ್ನು ಬೇಯಿಸಿ ತಿನ್ನುವುದೇ ರೂಢಿ.

ಹಣ್ಣುಗಳ ಮಿಶ್ರಣ ಹೊಸದಾಗಿ ಸೇರಿಕೊಂಡದ್ದು. ಕಲ್ಲಂಗಡಿ, ಕರಬೂಜ, ಪಪ್ಪಾಯಿ ಹೋಳುಗಳಿಗೆ ಉಪ್ಪು, ಕರಿಮೆಣಸಿನ ಪುಡಿ, ಲಿಂಬೆ ಹಾಕಿ ತಿನ್ನುತ್ತಾರೆ. ತಾಟಿನುಂಗು ಈ ಬೇಸಿಗೆಯದೇ ಆದರೂ ಅದನ್ನು ಯಾರೂ ಬೆರೆಸುವುದಿಲ್ಲ. ಸುಲಿದ ಹಾಗೆಯೇ ತಿನ್ನುತ್ತಾರೆ.

ತಯಾರಿಕೆಯ ಕ್ರಮ

ಹಸಿ ತಿನಿಸಿನಲ್ಲಿ ಒಗ್ಗರಣೆ ಬಿಟ್ಟರೆ ಬೆಂಕಿಯ ಕೆಲಸ ಇಲ್ಲದಿರುವುದರಿಂದ ಕ್ರಮವೇ ಮುಖ್ಯ. ತರಕಾರಿಯನ್ನು ಇಡಿಯಾಗಿ ತೊಳೆದು, ಒರೆಸಿ, ಆಮೇಲೆ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆದರೆ ನೀರಿನಲ್ಲಿ ಕರಗುವ ಜೀವಸತ್ವಗಳು ಹೋಗುತ್ತವೆ, ತಿನಿಸೂ ನೀರಾಗುತ್ತದೆ. ಬೇಳೆಯ ನೀರನ್ನು ಬಸಿದ ನಂತರ ಅರಿವೆಯ ಮೇಲೆ ಹತ್ತು ನಿಮಿಷ ಹರವುವುದು ಒಳ್ಳೆಯದು.

ಸವತಿಕಾಯಿಯನ್ನು ಹೆಚ್ಚುವ ಮೊದಲು ತುದಿ ಕತ್ತರಿಸಿ ರುಚಿ ನೋಡುವ ಪದ್ಧತಿಗೆ ಗಟ್ಟಿ ಕಾರಣವಿದೆ. ಬಿಸಿಲು ಹೆಚ್ಚಾಗಿ ನೀರು ಕಡಿಮೆಯಾದಾಗ ಬಳ್ಳಿಯಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಸ್ತು ಹೆಚ್ಚುತ್ತದೆ. ತೊಟ್ಟಿನ ಕಡೆಗೆ ಅದು ಹೆಚ್ಚು ಕೂಡಿರುತ್ತದೆ. ತುದಿ ಕತ್ತರಿಸಿದ ಮೇಲೂ ಕಹಿ ಉಳಿದರೆ ಆ ಕಾಯಿಯನ್ನು ಬಿಸಾಡಬೇಕು. ತೀರ ಕಹಿಯಾದದ್ದು ಹೊಟ್ಟೆಯನ್ನು ಕೆಡಿಸುತ್ತದೆ.

ಉಪ್ಪು ಹಚ್ಚಿ ಹಿಂಡುವ ಮೂಲಂಗಿಯೊಂದನ್ನು ಬಿಟ್ಟರೆ, ಉಪ್ಪನ್ನು ಕೊನೆಗೆ ಹಾಕುವುದು ಎಲ್ಲ ಬಗೆಗಳಿಗೂ ಅನ್ವಯಿಸುವ ನಿಯಮ. ಉಪ್ಪು ತಾಗಿದೊಡನೆ ತರಕಾರಿಯ ಕೋಶಗಳ ಒಳಗಿನ ನೀರು ಹೊರಗೆ ಬರತೊಡಗುತ್ತದೆ. ಕಾಲು ಗಂಟೆಯಲ್ಲಿ ತಟ್ಟೆಯ ತಳದಲ್ಲಿ ನೀರು ನಿಲ್ಲುತ್ತದೆ, ಕರುಕುರು ಎನ್ನುವ ಗುಣ ಹೋಗುತ್ತದೆ. ಹೆಚ್ಚು ಜನರಿಗೆ ಬಡಿಸುವಾಗ ಅಡುಗೆಯವರು ಬೇಳೆ, ತರಕಾರಿ, ಒಗ್ಗರಣೆಯನ್ನು ಬೇರೆ ಬೇರೆ ಇಟ್ಟುಕೊಂಡು, ಪ್ರತಿ ಪಂಕ್ತಿಗೆ ಬೇಕಾದಷ್ಟನ್ನೇ ಕಲಸುವುದು ಇದಕ್ಕಾಗಿ. ಒಗ್ಗರಣೆ ಬಿಸಿಯಾಗಿರುವಾಗಲೇ ಸುರಿದರೆ ಕೊತ್ತಂಬರಿ ಬಾಡುತ್ತದೆ, ಮೊಸರು ಒಡೆಯುತ್ತದೆ. ಆರಿಸಿ ಹಾಕಬೇಕು.

ಪೋಷಕಾಂಶ

ಸವತಿಕಾಯಿಯ ತೂಕದಲ್ಲಿ ಶೇ. 95ರಷ್ಟು ನೀರು, ಮೂಲಂಗಿ, ಟೊಮೆಟೊಗಳಲ್ಲಿ ಶೇ. 94ರ ಆಸುಪಾಸು, ಕಲ್ಲಂಗಡಿಯಲ್ಲಿ ಶೇ. 91ರಷ್ಟು. ಬೆವರಿನಲ್ಲಿ ಹೋದ ನೀರಿನ ಒಂದು ಪಾಲು ಊಟದಿಂದಲೇ ಮರಳುತ್ತದೆ. ಒಣ ಹೆಸರುಬೇಳೆಯಲ್ಲಿ ಶೇ. 24ರಷ್ಟು, ಕಡಲೆಬೇಳೆಯಲ್ಲಿ ಶೇ. 21ರಷ್ಟು ಪ್ರೋಟೀನ್ ಇದೆ. ಪಾಶ್ಚಾತ್ಯ ಪದ್ಧತಿಯ ಎಲೆ ಸಲಾಡಿಗೂ ಕೋಸಂಬರಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಬರೀ ಎಲೆ ಹೊಟ್ಟೆ ತುಂಬಿಸುವುದಿಲ್ಲ, ಬೇಳೆ ತುಂಬಿಸುತ್ತದೆ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೊ ಆಮ್ಲ ಬೇಳೆಯಲ್ಲಿ ಸಾಕಷ್ಟಿರುವುದರಿಂದ ಜೋಳದ ರೊಟ್ಟಿ, ಕೋಸಂಬರಿ ಒಂದಕ್ಕೊಂದು ಪೂರಕ.

ಕಾಳು ಮೊಳೆಯುವಾಗ ‘ಸಿ’ ಜೀವಸತ್ವ ಹೆಚ್ಚುತ್ತದೆ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಸಕ್ಕರೆಗಳು ನೆನೆಸುವುದರಿಂದ, ಮೊಳೆಸುವುದರಿಂದ ಕಡಿಮೆಯಾಗುತ್ತವೆ. ಲಿಂಬೆ, ಮಾವಿನಕಾಯಿಯ ‘ಸಿ’ ಜೀವಸತ್ವವು ಬೇಳೆ ಮತ್ತು ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಗಜ್ಜರಿಯ ಬೀಟಾ ಕೆರೋಟಿನ್ ಕೊಬ್ಬಿನಲ್ಲಿ ಕರಗುವ ವಸ್ತು. ಒಗ್ಗರಣೆಯ ಎಣ್ಣೆ ಅಥವಾ ಶೇಂಗಾ ಪುಡಿ ಜೊತೆಗಿದ್ದರೆ ಮಾತ್ರ ಅದು ಚೆನ್ನಾಗಿ ಮೈಗೆ ಹತ್ತುತ್ತದೆ. ಹಿಂದಿನವರು ರುಚಿಗೆಂದು ಹಾಕಿದ ಎಣ್ಣೆ ಪೋಷಣೆಯ ದೃಷ್ಟಿಯಿಂದಲೂ ಸರಿಯಾದದ್ದೇ.

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ತಿನ್ನಬೇಕೆಂದು ಹೇಳುತ್ತದೆ. ಎರಡು ಹೊತ್ತಿನ ಊಟದಲ್ಲಿ ಒಂದೊಂದು ಬಟ್ಟಲು ಪಚಡಿ ಇದ್ದರೆ ಈ ಅಳತೆಯ ಸಾಕಷ್ಟು ಭಾಗ ತುಂಬುತ್ತದೆ. ಉಪ್ಪಿನ ವಿಷಯದಲ್ಲಿ ಎಚ್ಚರ ಬೇಕು: ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹುಳಿ ಹೆಚ್ಚಿಸಿದರೆ ಉಪ್ಪು ಕಡಿಮೆ ಸಾಕಾಗುತ್ತದೆ.

ಹಬ್ಬ ಮತ್ತು ಹಂಚಿಕೆ

ಕೋಸಂಬರಿ ಇಡುವ ತಿನಿಸಲ್ಲ. ಮಾಡಿದ್ದು ಆ ಹೊತ್ತಿನಲ್ಲೇ ಮುಗಿಯಬೇಕು. ಹಾಗಾಗಿ ಹಂಚುವುದು ಅದರ ಸ್ವಭಾವದಲ್ಲಿಯೇ ಇದೆ. ಚೈತ್ರ ಶುದ್ಧ ನವಮಿಯ ಶ್ರೀರಾಮನವಮಿಯಂದು ಹೆಸರುಬೇಳೆ ಕೋಸಂಬರಿ, ಬೆಲ್ಲದ ಪಾನಕ, ನೀರುಮಜ್ಜಿಗೆಯನ್ನು ಗುಡಿಗಳಲ್ಲಿ, ಓಣಿಯ ಚಪ್ಪರಗಳಲ್ಲಿ ಬಂದವರಿಗೆಲ್ಲ ಕೊಡುತ್ತಾರೆ. ಚೈತ್ರ ಹುಣ್ಣಿಮೆಯ ಹನುಮ ಜಯಂತಿ ಬರುವುದು ಇದಾದ ಕೆಲವೇ ದಿನಗಳಿಗೆ. ಮಕ್ತಲ್‌ನ ಪಡಮಟಿ ಆಂಜನೇಯ, ಗದ್ವಾಲ್ ಬಳಿಯ ಬೀಚುಪಲ್ಲಿ ಆಂಜನೇಯ ಈ ಸೀಮೆಯ ದೊಡ್ಡ ಕ್ಷೇತ್ರಗಳು.

ಹೆಂಗಸರ ಹಬ್ಬವಾದ ಚೈತ್ರಗೌರಿ ಚೈತ್ರ ಶುದ್ಧ ತದಿಗೆಯಿಂದ ಅಕ್ಷಯ ತದಿಗೆಯವರೆಗೆ ನಡೆಯುತ್ತದೆ. ಉತ್ತರ ಕರ್ನಾಟಕದ ಮತ್ತು ಮರಾಠಿ ಮೂಲದ ಮನೆಗಳಲ್ಲಿ ಗೌರಿಯನ್ನು ಕೂರಿಸಿ, ಮುತ್ತೈದೆಯರನ್ನು ಅರಿಶಿನ ಕುಂಕುಮಕ್ಕೆ ಕರೆದು, ಕಡಲೆಬೇಳೆ ಮಾವಿನಕಾಯಿ ಕೋಸಂಬರಿ ಮತ್ತು ಬೇಯಿಸಿದ ಮಾವಿನಕಾಯಿಯ ಪಾನಕ ಕೊಡುವುದು ಪದ್ಧತಿ. ನೆನೆಸಿದ ಕಡಲೆಯನ್ನು ಉಡಿಯಲ್ಲಿ ತುಂಬುವುದೂ ಉಂಟು. ಬಸವ ಜಯಂತಿ ಅಕ್ಷಯ ತದಿಗೆಯ ದಿನವೇ ಬರುವುದರಿಂದ ಲಿಂಗಾಯತ ಮನೆಗಳಲ್ಲಿಯೂ ಆ ವಾರ ಪಾನಕ, ಕೋಸಂಬರಿಗಳ ಓಡಾಟವಿರುತ್ತದೆ.

ಮಾಧ್ವ ಸಂಪ್ರದಾಯ ಈ ಸೀಮೆಯಲ್ಲಿ ಗಟ್ಟಿಯಾಗಿದೆ. ವಿಜಯದಾಸರ ಶಿಷ್ಯ ಗೋಪಾಲದಾಸರು ಗದ್ವಾಲ್ ಸೀಮೆಯ ಉತ್ತನೂರಿನಲ್ಲಿ ನೆಲೆಸಿದ್ದರು. ತುಂಗಭದ್ರೆಯ ಆಚೆ ದಡದಲ್ಲಿ ಮಂತ್ರಾಲಯವಿದೆ. ಆ ಸಂಪ್ರದಾಯದ ನೈವೇದ್ಯದ ಎಲೆಯಲ್ಲಿ ಕೋಸಂಬರಿಗೆ ನಿಶ್ಚಿತ ಸ್ಥಾನವಿದೆ. ಚಾತುರ್ಮಾಸ್ಯ ಮಾತ್ರ ಇದಕ್ಕೆ ಅಪವಾದ: ಮೊದಲ ತಿಂಗಳ ಶಾಕವ್ರತದಲ್ಲಿ ತರಕಾರಿ ಸೊಪ್ಪುಗಳಿಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ನಾಲ್ಕನೆಯ ತಿಂಗಳ ದ್ವಿದಳ ವ್ರತದಲ್ಲಿ ಬೇಳೆಕಾಳುಗಳಿಲ್ಲ. ಏಕಾದಶಿಯಂದು ಉಪವಾಸವಿರುವುದರಿಂದ ಕೋಸಂಬರಿ ಮಾಡುವುದಿಲ್ಲ.

ಸಾಮೂಹಿಕ ಹಂಚಿಕೆಗೆ ಲೆಕ್ಕ ಸರಳ. 1 ಕಿಲೊ ಹೆಸರುಬೇಳೆ ನೆನೆದಾಗ ಸುಮಾರು 2 ಕಿಲೊ ಆಗುತ್ತದೆ. ಅದಕ್ಕೆ 2 ಕಿಲೊ ಸವತಿಕಾಯಿ ಸೇರಿಸಿದರೆ, ದೊನ್ನೆಗೆ 50 ಗ್ರಾಂನಂತೆ 80 ಜನರಿಗೆ ಸಾಕು. ಮುತ್ತುಗದ ಎಲೆಯ ದೊನ್ನೆ ಮೊದಲಿನಿಂದ ಬಂದದ್ದು; ಈಗ ಅದರ ಜಾಗದಲ್ಲಿ ಕಾಗದದ ಬಟ್ಟಲು ಹೆಚ್ಚು. ಎಲೆ ಮಣ್ಣಿಗೆ ಸೇರುತ್ತದೆ, ಪ್ಲಾಸ್ಟಿಕ್ ಪದರ ಹಚ್ಚಿದ ಕಾಗದ ಸೇರುವುದಿಲ್ಲ. ಹಳೆಯದಕ್ಕೆ ಮರಳುವುದೇ ಮೇಲು.

ದಿನದ ಊಟದಲ್ಲಿ ಪಚಡಿಯ ಜಾಗ ಜೋಳದ ರೊಟ್ಟಿಯ ಪಕ್ಕದಲ್ಲಿ, ಬೇಳೆ ಪಲ್ಯ, ಚಟ್ನಿಪುಡಿಗಳ ಜೊತೆ. ಬೇಸಿಗೆಯಲ್ಲಿ ಅಂಬಲಿ, ಮಜ್ಜಿಗೆ ಕುಡಿಯುವಾಗ ಹಸಿ ಉಳ್ಳಾಗಡ್ಡಿ ಕಚ್ಚಿಕೊಳ್ಳುವುದು ಹೊಲದ ಕೆಲಸದವರ ರೂಢಿ. ಕೈಯಲ್ಲಿ ಗುದ್ದಿ ಒಡೆದ ಆ ಉಳ್ಳಾಗಡ್ಡಿಯೇ ಹಸಿ ತಿನಿಸಿನ ಅತ್ಯಂತ ಸರಳ ರೂಪ.

ಸ್ವಚ್ಛತೆ

ಬೇಯಿಸದ ಆಹಾರದಲ್ಲಿ ರೋಗಾಣುಗಳನ್ನು ಕೊಲ್ಲುವ ಹಂತವೇ ಇರುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ವೇಗವಾಗಿ ಬೆಳೆಯುತ್ತವೆ. ಸುತ್ತಲಿನ ಉಷ್ಣಾಂಶ 32 ಡಿಗ್ರಿ ಮೀರಿದ್ದರೆ ಕಲಸಿದ ಆಹಾರವನ್ನು ಒಂದು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು ಎಂಬುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ಇಲ್ಲಿಯ ಏಪ್ರಿಲ್ ಮಧ್ಯಾಹ್ನಕ್ಕೆ ಇದು ಪೂರ್ತಿಯಾಗಿ ಅನ್ವಯಿಸುತ್ತದೆ. ನೆನೆಸಲು, ತೊಳೆಯಲು ಕುಡಿಯುವ ನೀರನ್ನೇ ಬಳಸಬೇಕು. ಬೇಳೆಯನ್ನು ಸೆಕೆಯಲ್ಲಿ ಹೆಚ್ಚು ಹೊತ್ತು ನೆನೆಯಲು ಬಿಟ್ಟರೆ ನೊರೆ ಬಂದು ಹುಳಿಯಾಗುತ್ತದೆ. ಅಂಥದ್ದನ್ನು ಹಸಿಯಾಗಿ ತಿನ್ನಬಾರದು.

ಮೊಳಕೆ ಕಾಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮೊಳಕೆಗೆ ಬೇಕಾದ ಬಿಸಿ, ತೇವಗಳೇ ರೋಗಾಣುಗಳಿಗೂ ಬೇಕು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯೆಯ ಮೊಳಕೆಯ ಮೂಲಕ ಹರಡಿದ ಇ. ಕೋಲೈ ಸೋಂಕಿನಿಂದ 50ಕ್ಕೂ ಹೆಚ್ಚು ಮಂದಿ ಸತ್ತರು. ಗರ್ಭಿಣಿಯರು, ಚಿಕ್ಕ ಮಕ್ಕಳು, ವೃದ್ಧರು ಮೊಳಕೆ ಕಾಳನ್ನು ಆವಿಯಲ್ಲಿ ಬೇಯಿಸಿ ತಿನ್ನುವುದೇ ಕ್ಷೇಮ.

ಇಂದಿನ ಸ್ಥಿತಿ

ವರ್ಷವಿಡೀ ಸಿಗುವ ಹೈಬ್ರಿಡ್ ಸವತಿಕಾಯಿ, ಗಜ್ಜರಿ, ಬೀಟ್‌ರೂಟ್ ಪಚಡಿಯನ್ನು ಕಾಲದ ಕಟ್ಟಿನಿಂದ ಬಿಡಿಸಿವೆ. ಸ್ವೀಟ್ ಕಾರ್ನ್, ದಾಳಿಂಬೆ ಕಾಳು ಕೋಸಂಬರಿಗೆ ಸೇರಿವೆ. ಮದುವೆ ಊಟಗಳಲ್ಲಿ ಬಿಲ್ಲೆಯಾಗಿ ಹೆಚ್ಚಿದ ಸವತಿಕಾಯಿ, ಉಳ್ಳಾಗಡ್ಡಿ, ಲಿಂಬೆಯ ತಟ್ಟೆಗೆ ಸಲಾಡ್ ಎಂದು ಹೆಸರು. ಅದು ಕಲಸುವ ಶ್ರಮ ಉಳಿಸಿದೆ, ಆದರೆ ಬೇಳೆಯ ಪೋಷಣೆಯನ್ನೂ ಒಗ್ಗರಣೆಯ ಪರಿಮಳವನ್ನೂ ಕೊಡಲಾರದು. ಮನೆಯ ಕೋಸಂಬರಿಯ ಜಾಗವನ್ನು ಅದು ತುಂಬಿದೆ ಎನ್ನಲಾಗದು.

ಸೊಪ್ಪಿನ ಪಚಡಿಗೆ ಒದಗಿರುವ ತೊಂದರೆ ಬೇರೆ ಬಗೆಯದು. ಗದ್ವಾಲ್ ಸೀಮೆ ಹತ್ತಿ ಬೀಜೋತ್ಪಾದನೆಗೆ ಹೆಸರಾಗಿದೆ, ಕಾಲುವೆಯ ಕೆಳಗೆ ಭತ್ತ ಹರಡಿದೆ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಹತ್ತರಕಿಯಂಥ ಬಿತ್ತದ ಸೊಪ್ಪು ಉಳಿಯುವುದಿಲ್ಲ. ಅಂಥ ಹೊಲದ ಬದುವಿನಲ್ಲಿ ಉಳಿದದ್ದು ಹಸಿಯಾಗಿ ತಿನ್ನಲು ಯೋಗ್ಯವೂ ಅಲ್ಲ. ಮಳೆಯಾಶ್ರಿತ ಜೋಳ, ಕಡಲೆಯ ಹೊಲಗಳಿರುವ ಕಡೆ ಇವು ಇನ್ನೂ ಸಿಗುತ್ತವೆ. ಬೀಜ ಉದುರುವವರೆಗೆ ಒಂದೆರಡು ಸಾಲು ಬಿಟ್ಟು ಕಾಪಾಡಿದರೆ ಮುಂದಿನ ವರ್ಷ ಮತ್ತೆ ಹುಟ್ಟುತ್ತವೆ. ಈ ಕೆಲಸಕ್ಕೆ ಹೊಲದವರ ಮನಸ್ಸು ಬೇಕು, ಹಣ ಬೇಡ.

ಬೇಸಿಗೆಯ ಮೂರು ಮುಖ್ಯ ಸಾಮಗ್ರಿಗಳಾದ ಹೆಸರುಬೇಳೆ, ಸವತಿಕಾಯಿ, ಮಾವಿನಕಾಯಿ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಊರುಗಳ ಪೇಟೆ, ಸಂತೆಗಳಲ್ಲಿ ಮಾರ್ಚ್‌ನಿಂದ ಮೇ ಕೊನೆಯವರೆಗೆ ಒಟ್ಟಿಗೆ ಸಿಗುತ್ತವೆ. ಜೂನ್‌ನಲ್ಲಿ ಮಳೆ ಬಿದ್ದು ಮಾವು ಹಣ್ಣಾದ ಮೇಲೆ ಮಾವಿನಕಾಯಿ ಕೋಸಂಬರಿ ಮುಂದಿನ ಚೈತ್ರದವರೆಗೆ ನಿಲ್ಲುತ್ತದೆ. ಲಿಂಬೆ ಹಿಂಡಿದ ಹೆಸರುಬೇಳೆಯದು ವರ್ಷವಿಡೀ ನಡೆಯುತ್ತದೆ.